ಭಾವನ ಆರು ಗೆಲುವುಗಳು

ಊರಿನ ಅರ್ಧ ಕಟ್ಟಡಗಳ ಲಿಫ್ಟು ರಿಪೇರಿ ಅವನದೇ ಆದ್ದರಿಂದ ಎಲ್ಲರ ಬಾಯಲ್ಲೂ ಅವನು ಲಿಫ್ಟಣ್ಣ. ಕೆಲಸದಲ್ಲಿ ಹೆಸರಿಡುವ ಹಾಗಿರಲಿಲ್ಲ. ಲಿಫ್ಟು ನಿಂತಿದೆ ಎಂದು ಫೋನು ಬಂದರೆ ಹೋಗುವನು, ಹತ್ತು ಸಲ ಮೇಲೆ ಕೆಳಗೆ ಓಡಿಸುವನು. ಹತ್ತು ಸಲವೂ ಸರಿಯಾಗಿ ಓಡಿತೋ, ರಿಜಿಸ್ಟರಿನಲ್ಲಿ ‘ಬಳಸಿದವರ ತಪ್ಪು’ ಎಂದು ಬರೆದು ಸಹಿ ಹಾಕಿ ಬರುವನು. ಆ ಕಸುಬಿನಲ್ಲಿ ಎಲ್ಲರೂ ಹಾಗೇ ಬರೆಯುತ್ತಾರೆ. ಇಪ್ಪತ್ತೆರಡು ವರ್ಷ ಬರೆದೂ ಬರೆದೂ ಅವನಿಗೆ ಅದು ನಂಬಿಕೆಯೇ ಆಗಿಹೋಗಿತ್ತು. ಪರೀಕ್ಷೆಯಲ್ಲಿ ಯಂತ್ರ ಪಾಸಾದರೆ ಸುಳ್ಳು ಹೇಳುತ್ತಿರುವವನು ಮನುಷ್ಯ, ಅಷ್ಟೇ.

ಇಂಥವನಿಗೆ ಆಟದ ಕಾರಿನ ಹುಚ್ಚು. ಮನೆಯ ಹಿಂದಿನ ಕೋಣೆಯಲ್ಲಿ ಮಂಚ ತೆಗೆಸಿ ಮೇಜು ಹಾಕಿ, ಅದರ ತುಂಬ ಕರಿ ಪ್ಲಾಸ್ಟಿಕ್ಕಿನ ಟ್ರ್ಯಾಕ್ ಜೋಡಿಸಿದ್ದ. ಟ್ರ್ಯಾಕಿನಲ್ಲಿ ಎರಡು ಸೀಳು, ಒಳದಾರಿಗೊಂದು, ಹೊರದಾರಿಗೊಂದು. ಅಂಗೈಯಷ್ಟು ಕಾರು, ಹೊಟ್ಟೆಯಡಿಯ ಮೊಳೆಯನ್ನು ಸೀಳಿಗೆ ಇಳಿಬಿಟ್ಟುಕೊಂಡು ಓಡುತ್ತದೆ. ಡಿಜಿಟಲ್ ಟ್ರ್ಯಾಕಾದ್ದರಿಂದ ಒಂದೇ ದಾರಿಯಲ್ಲಿ ಮೂರು ಕಾರು ಬೇಕಾದರೂ ಬಿಡಬಹುದು, ಗುಂಡಿ ಒತ್ತಿದರೆ ದಾರಿ ಬದಲಾಯಿಸಿ ಮುಂದಿನ ಕಾರನ್ನು ಹಿಂದೆ ಹಾಕಬಹುದು. ಪ್ರತಿ ಕಾರಿನೊಳಗಿನ ಎಲೆಕ್ಟ್ರಾನಿಕ್ ಚಿಪ್ಪಿಗೂ ಒಂದು ನಂಬರು. ನಮ್ಮ ಕಣ್ಣಿಗೆ ಕಾಣದ ಬೆಳಕಿನಲ್ಲಿ ಕಾರು ಆ ನಂಬರನ್ನು ಮಿನುಗಿಸುತ್ತ ಹೋಗುತ್ತದೆ. ಸುತ್ತು ಮುಗಿಯುವ ಗೆರೆ ದಾಟುವಾಗ ಕೆಳಗಿರುವ ಸೆನ್ಸರ್ ಅದನ್ನು ಓದಿ ಒಂದು ಸುತ್ತು ಎಂದು ಎಣಿಸುತ್ತದೆ.

ಕಂಪನಿ ಕೊಟ್ಟ ಎಣಿಕೆಯ ಪೆಟ್ಟಿಗೆ ಲಿಫ್ಟಣ್ಣನಿಗೆ ಹಿಡಿಸಲಿಲ್ಲ. ಕಂಪನಿಯವರ ಕೆಲಸ ಅವನಿಗೆ ಯಾವತ್ತು ಹಿಡಿಸಿತ್ತು? ದಾರಿಗೊಂದರಂತೆ ಎರಡು ಸೆನ್ಸರ್ ತಾನೇ ಬೆಸೆದು, ಕೆಂಪು ಅಂಕಿಯ ಬೋರ್ಡು ಮಾಡಿ ಗೋಡೆಗೆ ಹೊಡೆದ. ಕೂತಲ್ಲಿಂದಲೇ ಎಲ್ಲ ಕಾಣಲಿ ಎಂದು ಗೆರೆಯನ್ನು ಕಿಟಕಿಯ ಪಕ್ಕಕ್ಕೆ ತಂದ.

“ಇದು ನನ್ನ ಹೆಂಡತಿಗಿಂತ ಕರೆಕ್ಟು,” ಎಂದು ಬೀಗಿದ.

“ಹಾಗಾದ್ರೆ ಅನ್ನ ಅದರ ಹತ್ರಾನೇ ಬಡಿಸಿಕೊಳ್ಳಿ,” ಎಂದು ಒಳಗಿನಿಂದ ಹೆಂಡತಿ ಕೂಗಿದಳು.

ಭಾನುವಾರ ಸಂಜೆ ನಾಲ್ಕಕ್ಕೆ ಅಕ್ಕ, ಭಾವ ಬರುತ್ತಿದ್ದರು. ಭಾವ ದರ್ಜಿ. ಮಾತು ಕಡಿಮೆ, ನಗು ಅದಕ್ಕಿಂತ ಸ್ವಲ್ಪ ಜಾಸ್ತಿ. ಲಿಫ್ಟಣ್ಣ, ಅವನ ಹೆಂಡತಿ, ಭಾವ, ಮೂವರ ಮೂರು ಕಾರು, ಐವತ್ತು ಸುತ್ತಿನ ಆಟ. ದಾರಿ ಬದಲಿಸುವ ಗುಂಡಿಯ ಗೊಡವೆಯೇ ಭಾವನಿಗೆ ಬೇಡ. ಹೊಲಿಗೆ ಹಾಕಿದ ಹಾಗೆ ಒಳದಾರಿಯಲ್ಲೇ ಒಂದೇ ಸಮ ಹೋಗುವರು, ಪ್ರತಿ ವಾರವೂ ಕೊನೆಗೆ ಬರುವರು. ಅದರ ಬಗ್ಗೆ ಅವರಿಗೆ ಬೇಸರವೂ ಇದ್ದಂತಿರಲಿಲ್ಲ.

ಹೊಸ ಬೋರ್ಡು ಬಂದ ಮೇಲೆ ಭಾವ ಗೆಲ್ಲತೊಡಗಿದರು. ಒಂದಲ್ಲ ಎರಡಲ್ಲ, ಸಾಲಾಗಿ ಆರು ಭಾನುವಾರ. ಅಕ್ಕ ಬಾಯಿ ತುಂಬ ನಕ್ಕಳು. ಭಾವ ಗೆದ್ದ ಮಾರನೆಯ ದಿನ ಅಂಗಡಿಗೆ ಬಂದವರಿಗೆಲ್ಲ ಕಾಲರಿನ ಅಳತೆ ತೆಗೆಯುತ್ತಲೇ ಆ ಸುದ್ದಿ ಹೇಳುತ್ತಿದ್ದರಂತೆ. ಐವತ್ತೆಂಟು ವರ್ಷದಲ್ಲಿ ಒಂದು ಲಾಟರಿ ಟಿಕೆಟ್ಟು ಕೂಡ ಹತ್ತದ ಮನುಷ್ಯ, ಹೇಳಿಕೊಳ್ಳದೆ ಇನ್ನೇನು ಮಾಡಿಯಾರು!

ಲಿಫ್ಟಣ್ಣನಿಗೆ ಮಾತ್ರ ಲೆಕ್ಕ ಹೊಂದಲಿಲ್ಲ. ಭಾವನ ಕಾರನ್ನು ತಾನೂ ಹೆಂಡತಿಯೂ ಪ್ರತಿ ಆಟದಲ್ಲೂ ನಾಲ್ಕೈದು ಸಲ ಹಿಂದೆ ಹಾಕಿದ್ದು ಕಣ್ಣಾರೆ ಕಂಡಿದ್ದ. ಬೋರ್ಡು ನೋಡಿದರೆ ಭಾವನೇ ಮುಂದೆ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಪರೀಕ್ಷೆ ಮಾಡಿದ. ಎರಡು ದಾರಿಯಲ್ಲೂ ನೂರು ನೂರು ಸುತ್ತು. ಒಂದೂ ತಪ್ಪಲಿಲ್ಲ. ಯಂತ್ರ ಪಾಸಾಯಿತು. ಭಾವನ ಕಾರು ಎತ್ತಿ ತಿರುಗಿಸಿದ. ತಳದ ಸ್ಕ್ರೂ ಮೇಲೆ ಹೊಸ ಗೀರು. ಯಾರೋ ಬಿಚ್ಚಿದ್ದಾರೆ.

ಏಳನೆಯ ಭಾನುವಾರ, ಎಲ್ಲರ ಎದುರಿಗೆ ಕೇಳಿಯೇಬಿಟ್ಟ.

“ಭಾವ, ನಿಮ್ಮ ಕಾರು ಬಿಚ್ಚಿದ್ರಾ?”

“ಹೂಂ. ಚಕ್ರಕ್ಕೆ ನೂಲು ಸುತ್ತಿಕೊಂಡಿತ್ತು. ಅಂಗಡಿಗೆ ಒಯ್ದು ತೆಗೆದೆ.”

“ನೂಲು ತೆಗೆದ್ರೋ, ಚಿಪ್ಪಿಗೆ ಏನಾದ್ರೂ ಮಾಡಿದ್ರೋ? ನಿಮ್ಮ ಒಂದು ಸುತ್ತನ್ನ ಎರಡು ಅಂತ ಎಣಿಸ್ತಿದೆ. ನನ್ನ ಬೋರ್ಡು ಸುಳ್ಳು ಹೇಳಲ್ಲ.”

ಭಾವ ಕೈಲಿದ್ದ ಕಂಟ್ರೋಲರನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. “ನಡಿಯೇ, ಹೋಗೋಣ,” ಎಂದರು. ಅಕ್ಕ ಬಾಗಿಲಲ್ಲಿ ನಿಂತು ತಮ್ಮನ ಕಡೆ ತಿರುಗಿದಳು.

“ಆಟದ ಕಾರಿಗೋಸ್ಕರ ನನ್ನ ಗಂಡನ್ನ ಕಳ್ಳ ಅಂದ್ಯಲ್ಲೋ!”

ಅವನು ಬೋರ್ಡಿನ ಕಡೆ ಕೈ ತೋರಿಸಿದ. ಅಂದು ಬಾಯಿಗೆ ಬೀಗ ಹಾಕುವುದಾದರೆ ಎರಡು ನಿಮಿಷ ಮೊದಲೇ ಹಾಕಬೇಕಿತ್ತು. ಆಮೇಲೆ ಎರಡು ವರ್ಷ ಅವರು ಮನೆಯ ಕಡೆ ತಲೆ ಹಾಕಲಿಲ್ಲ. ಹೆಂಡತಿ ಅತ್ತಿಗೆಗೆ ಫೋನು ಮಾಡುತ್ತಿದ್ದಳು, ಅದೂ ಅವನು ಇಲ್ಲದಾಗ. ಮೇಜಿನ ಮೇಲಿನ ಟ್ರ್ಯಾಕಿಗೆ ಹಳೆಯ ಬೆಡ್‌ಶೀಟು ಅವನು ಹೊದೆಸಿಟ್ಟ. ಸರಿಯಾದದ್ದನ್ನೇ ಹೇಳಿದೆ ಎಂಬ ಹಟವೊಂದು ಅವನನ್ನು ಕಾಯುತ್ತಿತ್ತು.

ಕಾಲು ಉಳುಕಿ ರಜೆ ಹಾಕಿದ ಒಂದು ದಿನ ಹೊತ್ತು ಹೋಗದೆ ಬೆಡ್‌ಶೀಟು ಸರಿಸಿ ತನ್ನ ಕಾರೊಂದನ್ನೇ ಬಿಟ್ಟ. ಸಂಜೆ ನಾಲ್ಕೂವರೆ. ಎದುರಿನ ಎರಡು ಕಟ್ಟಡಗಳ ಸಂದಿಯಿಂದ ಬಿಸಿಲು ಓರೆಯಾಗಿ ಒಳಗೆ ಬಂದು, ಹೊರದಾರಿಯ ಗೆರೆಯ ಮೇಲೆ ಸರಿಯಾಗಿ ಬಿದ್ದಿತ್ತು. ಕಾರು ಸುತ್ತುತ್ತಿತ್ತು. ಬೋರ್ಡಿನ ಅಂಕಿ ಮಿಸುಕಲಿಲ್ಲ. ಬಿಸಿಲಿಗೆ ಅಂಗೈ ಅಡ್ಡ ಹಿಡಿದ, ಎಣಿಸಿತು. ಕೈ ತೆಗೆದ, ನಿಂತಿತು. ಒಳದಾರಿಯ ಗೆರೆ ನೆರಳಲ್ಲಿತ್ತು, ಅಲ್ಲಿ ಒಂದು ಸುತ್ತೂ ತಪ್ಪಲಿಲ್ಲ.

“ಸಿಕ್ತು!” ಎಂದು ಕೂಗಿದ. ದೋಷ ಸಿಕ್ಕಾಗಿನ ಖುಷಿ ಆ ಕಸುಬಿನವರಿಗೇ ಗೊತ್ತು. ಕೂಗಿದ ಮೇಲೆ ಅವನಿಗೆ ಅದರ ಅರ್ಥ ಹೊಳೆಯಿತು. ಭಾವನ ಸುತ್ತುಗಳು ಹೆಚ್ಚಾಗಿರಲಿಲ್ಲ. ಹೊರದಾರಿಗೆ ನುಗ್ಗಿ ನುಗ್ಗಿ ಹೋಗುತ್ತಿದ್ದ ತನ್ನ ಮತ್ತು ಹೆಂಡತಿಯ ಸುತ್ತುಗಳು ಬಿಸಿಲಿನಲ್ಲಿ ಕಳೆದುಹೋಗಿದ್ದವು. ಪರೀಕ್ಷೆ ಮಾಡಿದ್ದು ಬಿಸಿಲಿಲ್ಲದ ಬೆಳಿಗ್ಗೆ.

ಕುಂಟುತ್ತಲೇ ಅಂಗಡಿಗೆ ಹೋದ. ಅಕ್ಕ ಗುಂಡಿ ಹಚ್ಚುತ್ತಿದ್ದಳು. ಭಾವ ಮೆಷಿನ್ ನಿಲ್ಲಿಸಿ, ಏನೂ ಆಗಿಲ್ಲವೆಂಬಂತೆ ಸ್ಟೂಲು ಸರಿಸಿ ಕೊಟ್ಟರು. ದಾರಿಯುದ್ದಕ್ಕೂ ‘ತಪ್ಪಾಯ್ತು ಭಾವ’ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದವನು, ಸ್ಟೂಲಿನ ಮೇಲೆ ಕೂತೊಡನೆ ಸೀಮೆಸುಣ್ಣ ಎತ್ತಿಕೊಂಡು ಕತ್ತರಿಸುವ ಮೇಜಿನ ಮೇಲೆ ಟ್ರ್ಯಾಕ್ ಬರೆದ. ಕಿಟಕಿ ಬರೆದ, ಬಿಸಿಲಿನ ಗೆರೆ ಎಳೆದ. ಬಿಸಿಲು ಬಿದ್ದರೆ ಸೆನ್ಸರ್ ಹೇಗೆ ಕುರುಡಾಗುತ್ತದೆ, ಕಾರಿನ ನೆರಳು ಬಿದ್ದು ಅದಕ್ಕೆ ಮತ್ತೆ ಕಣ್ಣು ಬರುವಷ್ಟರಲ್ಲಿ ಕಾರು ಹೇಗೆ ದಾಟಿಹೋಗಿರುತ್ತದೆ ಎಂದು ಅರ್ಧ ಗಂಟೆ ಬಿಡಿಸಿ ಬಿಡಿಸಿ ಹೇಳಿದ.

“ಹಾಗಾದ್ರೆ ನಾನೇನೂ ಮಾಡಿಲ್ಲ ಅಂತ ಆಯ್ತಲ್ಲ,” ಎಂದರು ಭಾವ. ಅವರ ಮುಖ ಅರಳಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇಲ್ಲವೇ ಇಲ್ಲ. ನಿಮ್ಮ ಎಣಿಕೆ ಕರೆಕ್ಟಾಗಿತ್ತು. ನಮ್ಮದೇ ಕಡಿಮೆ ಬಂದಿದ್ದು.”

ಭಾವ ಮೇಜಿನ ಮೇಲಿನ ಚಿತ್ರವನ್ನೇ ನೋಡುತ್ತಿದ್ದರು. ಬೆರಳಿನಿಂದ ಒಳದಾರಿಯನ್ನು ಒಂದು ಸುತ್ತು ಬಂದರು.

“ನಿಮ್ಮದು ಕಡಿಮೆ ಎಣಿಸಿದ್ದು ಅಂದ್ರೆ... ಆ ಆರು ಆಟ?”

ಇಲ್ಲಿ ಅವನು ಸುಮ್ಮನಿರಬಹುದಿತ್ತು. ನೆನಪಿಲ್ಲ ಎನ್ನಬಹುದಿತ್ತು. ಆದರೆ ಎಣಿಕೆಯ ಪ್ರಶ್ನೆ ಕೇಳಿದರೆ ಅವನ ಬಾಯಿಂದ ಸರಿಯುತ್ತರ ತಾನಾಗಿ ಬರುತ್ತಿತ್ತು.

“ಆರರಲ್ಲೂ ನಾವೇ ಮುಂದಿದ್ವಿ ಭಾವ. ನೀವು ಮೂರನೇದು. ಕೊನೇ ಆಟದಲ್ಲಂತೂ ಐದು ಸುತ್ತು ಹಿಂದೆ.”

ಅಕ್ಕ ಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಭಾವ ತಲೆ ಆಡಿಸಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು.

“ನೀನು ಕಳ್ಳ ಅಂದಾಗ ಬೇಜಾರಾಯ್ತು ಕಣಪ್ಪ. ಆದ್ರೂ, ಇವನು ಏನಾದ್ರೂ ಅನ್ಲಿ, ಗೆದ್ದಿದ್ದಂತೂ ನಾನೇ ಅಂತ ಅಂದ್ಕೊಂಡಿದ್ದೆ. ಎರಡು ವರ್ಷ ಅದನ್ನೇ ಹಿಡ್ಕೊಂಡು ಸಮಾಧಾನವಾಗಿದ್ದೆ.”

ಲಿಫ್ಟಣ್ಣನಿಗೆ ಸೀಮೆಸುಣ್ಣದ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಹೇಳಬೇಕಾಗಿದ್ದುದು ಒಂದೇ ಮಾತು, ಅದನ್ನು ಬಿಟ್ಟು ಉಳಿದಿದ್ದೆಲ್ಲ ಹೇಳಿದ್ದ.

“ತಪ್ಪಾಯ್ತು ಭಾವ,” ಎಂದ.

“ಆಯ್ತು ಬಿಡು. ನೀನು ನಿಜಾನೇ ತಾನೆ ಹೇಳಿದ್ದು,” ಎಂದರು ಭಾವ. ಮೇಜಿನ ಮೇಲೆ ಹೊಲಿಯಬೇಕಿದ್ದ ಬಟ್ಟೆ ಹಾಸಬೇಕಾಗಿತ್ತು. ಒದ್ದೆ ಬಟ್ಟೆ ತಂದು, ಮೊದಲು ಕಿಟಕಿ, ಆಮೇಲೆ ಬಿಸಿಲು, ಕೊನೆಗೆ ಒಳದಾರಿಯನ್ನು ಅವರೇ ಒರೆಸಿದರು.