ಎರಡು ಕೀಲಿಯ ಬಾಗಿಲು

ಅಂಗಡಿಯವರು ಗಡಗಡ ಎಂದು ಶಟರ್ ಎಳೆದರೆ ಬೆವರುವ ಬ್ಯಾಂಕ್ ಅಧಿಕಾರಿಯನ್ನು ನೀವು ನೋಡಿರಲಿಕ್ಕಿಲ್ಲ. ನಾನೇ ಆ ಪುಣ್ಯಾತ್ಗಿತ್ತಿ. ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಅಂಗಡಿಗಳಿಗೇನು ಬರವೇ? ದಿನಕ್ಕೆ ಹತ್ತು ಸಲ ಎದೆ ಢವಢವ.

ಎಲ್ಲ ಶುರುವಾದದ್ದು ವಿಜಯವಾಡದಲ್ಲಿ, ಗವರ್ನರ್‌ಪೇಟೆಯ ಶಾಖೆಯಲ್ಲಿದ್ದಾಗ. ಸ್ಟ್ರಾಂಗ್ ರೂಮಿಗೆ ಎರಡು ಕೀಲಿ, ಇಬ್ಬರು ಅಧಿಕಾರಿಗಳ ಹತ್ತಿರ ಒಂದೊಂದು. ಎರಡೂ ತಿರುಗದೆ ಬಾಗಿಲು ತೆರೆಯದು, ಮುಚ್ಚದು. ಅವತ್ತು ಮಧ್ಯಾಹ್ನ ಜೊತೆಯವರು, "ಮೇಡಂ ಗಾರು, ಕೀಲಿ ಕೊಡಿ, ನಾನೇ ಮುಚ್ಚುತ್ತೇನೆ, ನೀವು ಊಟಕ್ಕೆ ಹೋಗಿ" ಎಂದರು. ನಿಯಮಕ್ಕೆ ವಿರುದ್ಧ ಅಂತ ಗೊತ್ತಿದ್ದೂ ಕೊಟ್ಟೆ. ಕನ್ನಡಕ ಸ್ಟ್ರಾಂಗ್ ರೂಮಿನ ಒಳಗೇ ಉಳಿದದ್ದು ಆಮೇಲೆ ನೆನಪಾಯಿತು. ಅವರು ಫೋನಿನಲ್ಲಿದ್ದಾಗ ಬೆನ್ನ ಹಿಂದಿನಿಂದ ಒಳಹೊಕ್ಕೆ. ಬಾಗಿಲು ಗಡಗಡ ಎಂದು ಮುಚ್ಚಿತು. ಕತ್ತಲು. ಬಡಿದೆ, ಕಿರುಚಿದೆ, ಯಾರಿಗೂ ಕೇಳಿಸಲಿಲ್ಲ. ನನ್ನ ಊಟದ ಡಬ್ಬಿ ತೆರೆಯದೇ ಇದ್ದದ್ದನ್ನು ಕಂಡು ಅವರು ಹುಡುಕಿಕೊಂಡು ಬಂದರು.

ಈ ವರ್ಷ ಬಡ್ತಿ ಬಂತು, ಜೊತೆಗೆ ಸ್ಟ್ರಾಂಗ್ ರೂಮಿನ ಕೀಲಿಯೂ. ಬಡ್ತಿಯೇ ಬೇಡವೆಂದು ಪತ್ರ ಬರೆದಿಟ್ಟೆ. ಇಲಿಗಳ ಮೆದುಳಿನ ಬಗ್ಗೆ ಸಂಶೋಧನೆ ಮಾಡುವ ಮಗಳು ಅದನ್ನು ಓದಿದಳು.

"ಬಾಬೋಯ್! ಏನವ್ವಾ ಇದು?"

"ನೀ ಸುಮ್ನಿರ. ಒಳಗ ಸಿಕ್ಕೊಂಡಾಕಿ ನಾನು, ನೀ ಅಲ್ಲ."

"ಕೇಳ ಇಲ್ಲೆ. ಮೆದುಳಿನ ಕೋಶದ ಮ್ಯಾಲೆ ರಿಸೆಪ್ಟರ್ ಅಂತ ಸಣ್ಣ ಬಾಗಿಲು ಇರ್ತಾವ. ಅದರಾಗ ಒಂದಕ್ಕ ನಿಮ್ಮ ಸ್ಟ್ರಾಂಗ್ ರೂಮಿನಂಗ ಎರಡು ಕೀಲಿ. ಸಪ್ಪಳದ ಸುದ್ದಿ ತರೋ ರಾಸಾಯನಿಕ ಒಂದು, ಹೆದರಿಕಿಗೆ ಕೋಶ ಚುರುಕಾಗೋದು ಇನ್ನೊಂದು. ಎರಡೂ ಒಮ್ಮೆಲೆ ತಿರುಗಿದ್ರ ಕ್ಯಾಲ್ಸಿಯಂ ಒಳಗ ನುಗ್ಗತದ. ಅದರಿಂದನ ಸಪ್ಪಳಕ್ಕೂ ಹೆದರಿಕಿಗೂ ಗಂಟು ಬೀಳತದ."

"ಬಿಚ್ಚೋದು ಹೆಂಗ?"

"ಬಿಚ್ಚೋದಲ್ಲ. ಸಪ್ಪಳ ಆತು, ಏನೂ ಆಗಲಿಲ್ಲ ಅನ್ನೋ ಹೊಸ ನೆನಪು ಕಟ್ಟಬೇಕು. ಅದಕ್ಕೂ ಕೋಶದ ಅದೇ ಬಾಗಿಲು ಬೇಕು. ಮನ್ಯಾಗ ಕೂತ್ರ ಆಗಂಗಿಲ್ಲ."

ನಾನು ಹೆತ್ತ ಕೂಸು ನನಗೇ ಕೀಲಿಯ ಪಾಠ ಹೇಳುತ್ತದೆ! ಸಿಟ್ಟು ಬಂತು, ಹೆಮ್ಮೆಯೂ ಆಯಿತು. ಪತ್ರ ಹರಿದುಹಾಕಿದೆ.

ಮೊದಲ ವಾರ ಸ್ಟ್ರಾಂಗ್ ರೂಮಿನ ಬಾಗಿಲು ಗಡಗಡ ಎಂದಾಗಲೆಲ್ಲ ಓಡಿಹೋಗಬೇಕೆನಿಸುತ್ತಿತ್ತು. ಅನಿಸಿದರೆ ಅನಿಸಲಿ ಎಂದು, ಅದು ನಿಲ್ಲುವ ತನಕ ಅಲ್ಲೇ ನಿಲ್ಲುತ್ತಿದ್ದೆ. ಎರಡನೇ ವಾರ ಹೊಸ ಜೊತೆಗಾರ ಕೈ ಚಾಚಿದ: "ಮೇಡಂ ಗಾರು, ಕೀಲಿ ಕೊಡಿ, ನಾನೇ ಮುಚ್ಚುತ್ತೇನೆ."

"ಬೇಡಪ್ಪಾ" ಎಂದೆ. ಒಳಗೆ ಹೋಗಿ ಮೂಲೆಮೂಲೆ ನೋಡಿ ಬಂದೆ. ಅವನ ಕೀಲಿ ಅವನು ತಿರುಗಿಸಿದ, ನನ್ನದನ್ನು ನಾನು. ಬಾಗಿಲು ಗಡಗಡ ಎಂದಿತು. ನಾನು ಹೊರಗಿದ್ದೆ.