ಚೀಟಿ ಮಾಡಿಸದ ಅತ್ತೆ

ನಾನು ಪಿ.ಎ. ಓದಲು ದಾವಣಗೆರೆಗೆ ಹೊರಟಾಗ ನಮ್ಮೂರಿನವರೆಲ್ಲ ಅದನ್ನು ಶಾಸಕರ ಪಿ.ಎ. ಎಂದೇ ತಿಳಿದರು. ಕಾನಹೊಸಹಳ್ಳಿ ಕಡೆ ಪಿ.ಎ. ಅಂದರೆ ಶಾಸಕರ ಹಿಂದೆ ಎರಡು ಮೊಬೈಲ್ ಹಿಡಿದು ಓಡಾಡುವವರು, ಅಷ್ಟೇ. ಮೊದಲ ರಜೆಗೆ ಬಂದಾಗ ಪಕ್ಕದ ಮನೆಯ ಅಜ್ಜ, ಹೊಲಕ್ಕೆ ಕರೆಂಟ್ ಕಂಬ ಹಾಕಿಸಿಕೊಡು ಎಂದು ಅರ್ಜಿ ಬರೆಸಿಕೊಂಡೇ ಬಂದಿದ್ದ. ನಾನು ಓದುತ್ತಿರುವುದು ಫಿಜಿಶಿಯನ್ ಅಸಿಸ್ಟೆಂಟ್. ಡಾಕ್ಟರ ಕೈಕೆಳಗೆ ರೋಗಿಗಳ ವಿವರ ಕೇಳಿ ಬರೆಯುವುದು, ಪರೀಕ್ಷಿಸುವುದು, ಗಾಯಕ್ಕೆ ಹೊಲಿಗೆ ಹಾಕುವುದು ನಮ್ಮ ಕೆಲಸ ಎಂದು ವಿವರಿಸಿದೆ. ಅಜ್ಜ ಪೂರ್ತಿ ಕೇಳಿಸಿಕೊಂಡು, "ಇರ್ಲಿ ಬಿಡವ್ವಾ, ಡಾಕ್ಟ್ರಿಗೂ ಶಾಸಕ್ರ ಪರಿಚಯ ಇರತೈತಿ" ಎಂದು ಅರ್ಜಿಯನ್ನು ನನ್ನ ಕೈಯಲ್ಲೇ ಬಿಟ್ಟು ಹೋದ.

ಈ ಗೊಂದಲವನ್ನು ನಿವಾರಿಸಿದವನು ನನ್ನ ಸೋದರಮಾವ. ಅವನ ಪ್ರಕಾರ ನಾನು ಡಾಕ್ಟರೇ. ಏನೋ ಕಾಗದಪತ್ರದ ಕಾರಣಕ್ಕೆ ಹಾಗೆ ಹೇಳಿಕೊಳ್ಳುತ್ತಿಲ್ಲ. ಕುರಿ ಮಂದೆಯ ಹಿಂದೆ ಊರೂರು ತಿರುಗುವ ಮನುಷ್ಯ. ಆ ಸುದ್ದಿ ಕೂಡ್ಲಿಗಿ ದಾಟಿ ಕೊಟ್ಟೂರು ಮುಟ್ಟಲು ಬಹಳ ದಿನ ಬೇಕಾಗಲಿಲ್ಲ.

ಓದಿನಲ್ಲಿ ನನಗೆ ಕಷ್ಟವಾಗಿದ್ದು ಅಂಗರಚನೆಯಲ್ಲ, ತಾರೀಖು. ನೋವು ಯಾವಾಗ ಶುರುವಾಯಿತು ಎಂದು ರೋಗಿಯನ್ನು ಕೇಳಿ, ಅವರ ಮಾತಿನಲ್ಲೇ ಬರೆಯಬೇಕೆಂದು ಕಲಿಸಿದ್ದರು. ನಾನು ಹಾಗೇ ಬರೆದೆ: "ಶೇಂಗಾ ಕಿತ್ತಾಗಿನಿಂದ ಹೊಟ್ಟೆನೋವು." ಮಂಗಳೂರು ಕಡೆಯ ನಮ್ಮ ಮೇಡಂ ಅದನ್ನು ಎರಡು ಸಲ ಓದಿ, "ಇವರು ಏನನ್ನು ಕಿತ್ತುಕೊಂಡರು?" ಎಂದು ಗಾಬರಿಯಿಂದ ಕೇಳಿದರು. ಆಮೇಲೆ ವಾರ್ಡಿನಲ್ಲಿ ನಮ್ಮ ಕಡೆಯ ರೋಗಿ ಬಂದಾಗಲೆಲ್ಲ, ಬೆಳೆಯನ್ನು ವಾರದ ಲೆಕ್ಕಕ್ಕೆ ತಿರುಗಿಸಲು ನನ್ನನ್ನೇ ಕರೆಯುತ್ತಿದ್ದರು.

ಓದು ಮುಗಿದು ಹರಪನಹಳ್ಳಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಡಾಕ್ಟರು ವಯಸ್ಸಾದವರು, ಮಿತಭಾಷಿ. ಮೊದಲ ದಿನವೇ ಒಂದು ಮಾತು ಹೇಳಿದ್ದರು: "ನೀನು ನೋಡಮ್ಮ, ಕೇಳು, ಬರಿ. ಔಷಧ ಮಾತ್ರ ನಾನು ಬರಿತೀನಿ."

ಸೇರಿ ತಿಂಗಳಾಗಿತ್ತು. ಮಾಗಿಯ ಚಳಿಯಲ್ಲಿ ಒಂದು ಬೆಳಿಗ್ಗೆ ಆಸ್ಪತ್ರೆ ಮುಂದೆ ಟೆಂಪೊ ನಿಂತು, ಅದರಿಂದ ಮಾವ ಇಳಿದ. ಹಿಂದೆಯೇ ಕಂಬಳಿ ಹೊದ್ದ ಹತ್ತು ಹನ್ನೊಂದು ಜನ ಇಳಿದರು. ಮಂಡಿನೋವು, ಕೆಮ್ಮು, ಕಣ್ಣು ಮಂಜು. ಊರಿನ ಕಾಯಿಲೆಗಳನ್ನೆಲ್ಲ ಮಾವ ಆರಿಸಿ ತಂದಂತಿತ್ತು.

"ಇವ್ರನ್ನೆಲ್ಲ ನೀನಽ ನೋಡ್ಬೇಕು" ಎಂದ.

"ಮಾವ, ನಾನು ಬರೇ ಕೇಳಿ ಬರ್ಕೊಳ್ಳಾಕಿ. ನೋಡೋರು ಡಾಕ್ಟ್ರು."

"ಗೊತ್ತೈತಿ ಬಿಡಲೇ. ಮೆತ್ತಗ ಮಾತಾಡು, ಮಂದಿ ಕೇಳಿಸ್ಕೊಂತಾರ."

ಎಲ್ಲರೂ ಕೌಂಟರಿನಲ್ಲಿ ಚೀಟಿ ಮಾಡಿಸಿದರು, ಮಾವನ ಹೆಂಡತಿ, ನನ್ನ ಅತ್ತೆಯನ್ನು ಬಿಟ್ಟು. ಅತ್ತೆ ಸುಮ್ಮನೆ ಜೊತೆಗೆ ಬಂದಿದ್ದಳು. ಸುಮ್ಮನೆ ಅನ್ನುವುದು ತಪ್ಪು. ಊರಿಂದ ಇಲ್ಲಿಯವರೆಗೆ ಕಿಟಕಿ ಮುಚ್ಚಿದ್ದಕ್ಕೆ ಡ್ರೈವರನ ಜೊತೆ, ಕಂಬಳಿ ತಾಕಿದ್ದಕ್ಕೆ ಪಕ್ಕದವಳ ಜೊತೆ, ಕೊಟ್ಟೂರಿನಲ್ಲಿ ಚಹಾಕ್ಕೆ ನಿಲ್ಲಿಸಿದ್ದಕ್ಕೆ ಮಾವನ ಜೊತೆ ಜಗಳವಾಡಿದ್ದಳು. ಮೊದಲು ಅತ್ತೆ ಹೀಗಿರಲಿಲ್ಲ. ಇತ್ತೀಚೆಗೆ ಅವಳ ದನಿ ಕೇಳಿದರೆ ನಾಯಿಯೂ ಎದ್ದು ಹೋಗುತ್ತದೆ ಎಂದು ಮನೆಯಲ್ಲಿ ಹೇಳುತ್ತಿದ್ದರು.

ನಾನು ಒಬ್ಬೊಬ್ಬರದೇ ವಿವರ ಬರೆಯುತ್ತ ಕುಳಿತಿದ್ದೆ. ಎದುರಿನ ಬೆಂಚಿನಲ್ಲಿ ಅತ್ತೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಅಷ್ಟು ಚಳಿಯಲ್ಲಿ ಅವಳ ಹಣೆ ಬೆವೆತಿತ್ತು. ಯಾರೋ ಚಹಾ ಕೊಟ್ಟರು. ಅವಳ ಕೈಯಲ್ಲಿ ಬಸಿಯ ಮೇಲೆ ಕಪ್ ಕಟಕಟ ಸದ್ದು ಮಾಡಿತು. ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು.

ಪಕ್ಕಕ್ಕೆ ಹೋಗಿ ಕೈ ಹಿಡಿದೆ. ನಾಡಿ ಓಡುತ್ತಿತ್ತು.

"ಅತ್ತಿ, ಊಟ ಸೇರತೈತೇನು?"

"ಸೇರೋದೇನು, ನಿಮ್ಮಾವನ ಪಾಲಿಂದೂ ನಾನಽ ಉಣ್ತೀನಿ. ಮೈಗೆ ಮಾತ್ರ ಹತ್ತವಲ್ದು."

"ಎಂದಿಂದ ಹಿಂಗ?"

"ಶೇಂಗಾ ಕಿತ್ತಾಗಿಂದ."

ಒಳಗೆ ಹೋಗಿ ಡಾಕ್ಟರಿಗೆ, ಚೀಟಿ ಮಾಡಿಸದ ಒಬ್ಬರನ್ನು ನೋಡಬೇಕಿತ್ತು ಸರ್ ಎಂದೆ. ಕಂಡದ್ದನ್ನು ಹೇಳಿದೆ. ಅವರು ಕರೆ ಎಂದರು. ಮಾವ ಅಡ್ಡ ಬಂದ. "ಆಕಿಗೇನಾಗೈತಿ? ಆಕಿ ಮಂದಿಗೆ ರೋಗ ಬರಸಾಕಿ." ಆದರೂ ಹಿಂದೆಯೇ ಒಳಗೆ ಬಂದ.

ಡಾಕ್ಟರು ಅತ್ತೆಯ ಕುತ್ತಿಗೆ ಮುಟ್ಟಿ ನೋಡಿದರು. ಕೈ ಮುಂದೆ ಚಾಚಿಸಿ ಬೆರಳುಗಳ ಮೇಲೊಂದು ಹಾಳೆ ಇಟ್ಟರು. ಹಾಳೆ ಪಟಪಟ ನಡುಗಿತು. ಆಮೇಲೆ ನಾಲಿಗೆ ಹೊರಗೆ ಚಾಚಮ್ಮ ಎಂದರು.

ಮಾವ ಕಳವಳದಿಂದ, "ಸರ್, ಅದೊಂದು ಒಳಗಽ ಇರ್ಲಿ ಬಿಡ್ರಿ" ಎಂದ.

ನಾನು ಫೈಲಿನಲ್ಲಿ ಮುಖ ಮುಚ್ಚಿಕೊಂಡೆ.

ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ವಿಪರೀತ ಹೆಚ್ಚಿರುವುದು ತಿಳಿಯಿತು. ಬೆವರು, ನಡುಕ, ಎದೆ ಹಾರುವುದು, ಸಿಟ್ಟು ಎಲ್ಲ ಅದರಿಂದಲೇ ಇರಬಹುದು, ಮಾತ್ರೆಯಿಂದ ಹತೋಟಿಗೆ ಬರುತ್ತದೆ ಎಂದು ಡಾಕ್ಟರು ಹೇಳಿದರು. ಅತ್ತೆ ನನ್ನ ಕಡೆ ತಿರುಗಿ, ಮೆಲ್ಲಗೆ, "ನನಗ ತಲಿ ಕೆಟ್ಟೈತಿ ಅನ್ಕೊಂಡಿದ್ನವ್ವಾ" ಎಂದಳು. ಮಾವ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ನಿಂತುಬಿಟ್ಟ. ಟೆಂಪೊ ಹತ್ತುವಾಗ ಅವಳಿಗೆ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟದ್ದನ್ನು ನಾನು ಕಂಡೆ.

ಮೂರು ತಿಂಗಳ ನಂತರ ಇಬ್ಬರೂ ತಪಾಸಣೆಗೆ ಬಂದರು. ಅತ್ತೆಯ ಕೆನ್ನೆ ತುಂಬಿತ್ತು. ಅವಳು ರಕ್ತ ಕೊಡಲು ಹೋದಾಗ ಮಾವ ನನ್ನ ಮೇಜಿನ ಮುಂದೆ ಕುಳಿತ.

"ಮನ್ಯಾಗ ಭಾಳ ಗಪ್ಪ್ ಆಗೈತಿ. ಏನು ಹೇಳಿದ್ರೂ ಹ್ಞೂಂ ಅಂತಾಳ. ನನಗ ಅಂಜಿಕಿ ಬರತೈತಿ. ಗುಳಗಿ ಒಂದೀಟು ಕಮ್ಮಿ ಮಾಡಾಕ ಬರೋದಿಲ್ಲೇನು?"

ಅತ್ತೆ ಮರಳಿ ಬಂದಾಗ, ಯಾಕೆ ಇಷ್ಟು ಗಪ್ಪಾಗೀದಿ ಎಂದು ಕೇಳಿದೆ. ಅವಳು ತೋಳಿಗೆ ಒತ್ತಿದ ಹತ್ತಿ ತೆಗೆಯುತ್ತ, "ಮೊದ್ಲು ಬಾಯಿಗೆ ಬಂದದ್ದು ಬೈತಿದ್ದೆ. ಈಗ ವಿಚಾರ ಮಾಡಿ ಬೈಯಬೇಕಲ್ಲ, ಅದಕ್ಕ ತಡ ಆಗತೈತಿ" ಎಂದಳು.

ವರದಿ ನೋಡಿ ಡಾಕ್ಟರು ಮಾತ್ರೆಯ ಪ್ರಮಾಣ ಇಳಿಸಿದರು. ಅದು ತನ್ನ ಶಿಫಾರಸಿನಿಂದಲೇ ಆಯಿತೆಂದು ಮಾವ ನಂಬಿದ, ಊರಿಗೆಲ್ಲ ಹೇಳಿದ. ಜಗಳಕ್ಕೂ ರಕ್ತ ಪರೀಕ್ಷೆ ಇದೆ ಎನ್ನುವುದು ಹೀಗೆ ಸುದ್ದಿಯಾಯಿತು. ಹಡಗಲಿಯಿಂದ, ಹಗರಿಬೊಮ್ಮನಹಳ್ಳಿಯಿಂದ ಗಂಡಂದಿರು ಹೆಂಡಿರನ್ನು ಕರೆತರತೊಡಗಿದರು. ಹೆಚ್ಚಿನವರಿಗೆ ಏನೂ ಇರಲಿಲ್ಲ. ಸುಮ್ಮನೆ ಪರೀಕ್ಷೆ ಬೇಡ ಎಂದು ಡಾಕ್ಟರು ವಾಪಸು ಕಳಿಸುತ್ತಿದ್ದರು. ಮಲ್ಲಿಗೆ ವ್ಯಾಪಾರಿಯೊಬ್ಬ ಮಾತ್ರ ಹಟ ಹಿಡಿದು ಹೆಂಡತಿಗೆ ಪರೀಕ್ಷೆ ಮಾಡಿಸಿದ. ವರದಿ ಓದಿ ಹೇಳುವ ಕೆಲಸ ನನಗೆ ಬಂತು.

"ಎಲ್ಲಾ ನಾರ್ಮಲ್ ಐತ್ರಿ" ಎಂದೆ.

ಅವನು ಹಾಳೆ ತಿರುಗಿಸಿ ಹಿಂಭಾಗವನ್ನೂ ನೋಡಿದ. ಹೆಂಡತಿ ಅದನ್ನು ಅವನ ಕೈಯಿಂದ ತೆಗೆದುಕೊಂಡು, ನಾಲ್ಕಾಗಿ ಮಡಚಿ, ಬ್ಲೌಸಿನೊಳಗೆ ಜೋಪಾನವಾಗಿ ಇಟ್ಟುಕೊಂಡಳು.

"ಹಂಗಾರ ನಾನು ಸಿಟ್ಟಾಗಾಕ ಕಾರಣ ಬ್ಯಾರೆ ಐತಿ" ಎಂದು ಗಂಡನನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು.