ಹನ್ನೆರಡು ಬಾಯಿಯ ಬೀಗ

“ನೀನು ಚಾ ಕುಡಿಯಲಿಕ್ಕೆ ಬಂದದ್ದಾ ಪ್ರಶಾಂತಾ, ನನ್ನನ್ನು ಹೆದರಿಸಲಿಕ್ಕಾ? ಮೊದಲು ಅದು ಹೇಳು. ಚಾ ಆದರೆ ಕೂತ್ಕೋ. ಹೆದರಿಸಲಿಕ್ಕಾದರೆ ನಿಂತೇ ಮಾತಾಡು, ನನಗೆ ಬೇರೆ ಕೆಲಸ ಉಂಟು. ಕೊಡುವಾಗ ನೀವು ಎಂತ ಹೇಳಿದ್ದು? ಈ ದೇಶದ ದುಡ್ಡಿಗೆ ಬೆಲೆ ಇಳಿದಿದೆ, ಜನಕ್ಕೆ ಕಷ್ಟ, ಈ ಕ್ರಿಪ್ಟೊ ನಾಣ್ಯ ನಿಮ್ಮದೇ, ಇದನ್ನು ಸರ್ಕಾರ ಮುಟ್ಟುವ ಹಾಗಿಲ್ಲ, ಬ್ಯಾಂಕು ಮುಟ್ಟುವ ಹಾಗಿಲ್ಲ ಅಂತ. ಈಗ ಹನ್ನೆರಡು ಹೆಂಗಸರು ಸೇರಿ ಅದನ್ನು ಒಂದು ಕಡೆ ಇಟ್ಟರೆ ಅದು ನಮ್ಮದಲ್ಲವಾ? ಒಬ್ಬೊಬ್ಬಳೇ ಖರ್ಚು ಮಾಡಿದರೆ ನಮ್ಮದು, ಒಟ್ಟಿಗೆ ಮಾಡಿದರೆ ನಿಮ್ಮದು! ಇದು ಯಾವ ಊರಿನ ನ್ಯಾಯ ಮಾರಾಯಾ? ಮತ್ತೆ ನಾಣ್ಯದ ಬೀಗ ತೆರೆಯುವ ಆ ಹನ್ನೆರಡು ಗುಟ್ಟಿನ ಮಾತು. ಯಾರಿಗೂ ಹೇಳಬೇಡಿ, ಗಂಡನಿಗೂ ಹೇಳಬೇಡಿ, ನಾನೇ ಬಂದು ಕೇಳಿದರೂ ಹೇಳಬೇಡಿ ಅಂತ ನಮಗೆ ಬಾಯಿಪಾಠ ಮಾಡಿಸಿದ್ದು ಯಾರು? ನೀನೇ ಅಲ್ವಾ? ನಾನು ಕಲಿತದ್ದು ನಾಲ್ಕನೇ ಕ್ಲಾಸು. ಆದರೆ ಹೇಳಿಕೊಟ್ಟದ್ದನ್ನು ಮರೆಯುವವಳಲ್ಲ.”

ಪ್ರಶಾಂತ್ ಕೂತ. ಚಾ ಕುಡಿದ. ಅವನು ಮೈಸೂರಿನ ಹುಡುಗ, ನಾಣ್ಯ ಹಂಚುವ ಸಂಸ್ಥೆಯ ಕೆಲಸಕ್ಕೆ ಬಂದವನು. “ರೂಲ್ಸ್ ಮಾಡೋದು ನಾನಲ್ಲ ಆಂಟಿ. ಒಬ್ಬೊಬ್ಬರು ಏನಕ್ಕೆ ಖರ್ಚು ಮಾಡ್ತಾರೆ ಅಂತ ನೋಡೋಕೇ ಈ ಪ್ರಾಜೆಕ್ಟು. ಶುಕ್ರವಾರದೊಳಗೆ ಆ ಹನ್ನೆರಡು ಮಾತು ಹೇಳಿದರೆ ನಾಣ್ಯ ವಾಪಸ್ ತಗೊಂಡು ಮತ್ತೆ ಬೇರೆ ಬೇರೆ ಹಾಕ್ತಾರೆ. ಇಲ್ಲಾಂದ್ರೆ ನಿಮ್ಮ ಹನ್ನೆರಡು ಜನರ ಹೆಸರೂ ಹೋಗುತ್ತೆ, ಮುಂದಿನ ಕಂತು ಇಲ್ಲ.”

“ನನಗೆ ಗೊತ್ತಿರುವುದು ಒಂದೇ ಮಾತು,” ಅಂದಳು ಸಿಲ್ವಿಯಾ. “ಉಳಿದ ಹನ್ನೊಂದನ್ನು ಅವರವರಲ್ಲೇ ಕೇಳು.”

ಸಿಲ್ವಿಯಾ ಕಿನ್ನಿಗೋಳಿಯಿಂದ ಪೀಟರ್ ಮಾಸ್ಟ್ರ ಹೆಂಡತಿಯಾಗಿ ನೈರೋಬಿಗೆ ಬಂದು ಇಳಿದಾಗ ಕೊಂಕಣಿ, ತುಳು, ಕನ್ನಡ ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ. ಸ್ವಾಹಿಲಿ ಕಲಿತದ್ದು ಮಟಾಟು ಅನ್ನುವ ಬಾಡಿಗೆ ವ್ಯಾನಿನಲ್ಲಿ ಕೂತು, ಪಕ್ಕದವರ ಜಗಳ ಕೇಳಿ. ಇಂಗ್ಲಿಷು ಮಗ ಡೆಂಜಿಲ್ ಗಟ್ಟಿಯಾಗಿ ಓದುವುದನ್ನು ಕೇಳಿ. ಕಿವಿಗೆ ಹತ್ತಿತು, ಕೈಗೆ ಹತ್ತಲಿಲ್ಲ. ಮಾಸ್ಟ್ರು ತೀರಿಕೊಂಡ ಮೇಲೆ ಶಾಲೆಮಕ್ಕಳ ಯೂನಿಫಾರ್ಮ್ ಹೊಲಿದು ಸೌತ್ ಸಿ ಬಡಾವಣೆಯ ಮನೆ ಉಳಿಸಿಕೊಂಡಳು. ಅಲ್ಲಿಯವರಿಗೆ ಅವಳು ಮಾಮಾ ಡೆಂಜಿಲ್, ಅಂದರೆ ಡೆಂಜಿಲನ ಅಮ್ಮ. ನಾಣ್ಯದ ಪಟ್ಟಿ ಹಿಡಿದು ಮೊದಲ ಸಲ ಬಂದಾಗ ಪ್ರಶಾಂತ್ ಅವಳ ಮುಖ ನೋಡಿ, “ಆಂಟಿ, ಇದು ಈ ದೇಶದವರಿಗೆ ಮಾತ್ರ,” ಅಂದಿದ್ದ. ಕೀನ್ಯಾದ ಗುರುತಿನ ಚೀಟಿಯನ್ನು ಮೇಜಿನ ಮೇಲೆ ಟಪ್ಪೆಂದು ಇಟ್ಟು, “ಮತ್ತೆ ನಾನು ಯಾವ ದೇಶದವಳು?” ಎಂದು ಕೇಳಿದ್ದಳು.

ಆ ಬೀದಿಯ ಹೆಂಗಸರದ್ದು ಮೊದಲಿಂದಲೂ ಒಂದು ಚಾಮಾ ಇತ್ತು. ನಮ್ಮ ಕಡೆ ಚೀಟಿ ಹಾಕುವ ಹಾಗೆಯೇ: ತಿಂಗಳಿಗೊಬ್ಬಳ ಸರದಿ, ಮೊದಲು ಸಿಲ್ವಿಯಾ, ಆಮೇಲೆ ತರಕಾರಿ ಅಂಗಡಿಯ ಗ್ಲೋರಿಯಾ, ಹೀಗೆ ಹನ್ನೆರಡು ಜನ. ನಾಣ್ಯ ಬಂದಾಗ ಅವರಿಗೆಲ್ಲ ಹೊಳೆದದ್ದು ನೀರಿನ ಟ್ಯಾಂಕು. ನಲ್ಲಿಯಲ್ಲಿ ನೀರು ಬರುವುದು ವಾರಕ್ಕೆರಡು ದಿನ. ಉಳಿದ ದಿನ ಕೈಗಾಡಿಯವನ ಹಳದಿ ಕ್ಯಾನುಗಳೇ ಗತಿ, ಅವನು ಹೇಳಿದ್ದೇ ರೇಟು.

ಎಲ್ಲರ ನಾಣ್ಯವನ್ನೂ ಸಿಲ್ವಿಯಾಳ ಫೋನಿನಲ್ಲಿ ಒಂದೇ ಪರ್ಸಿಗೆ ಹಾಕಿದರು. ಪರ್ಸಿಗೆ ಹನ್ನೆರಡು ಇಂಗ್ಲಿಷ್ ಪದಗಳ ಬೀಗ. ಫೋನು ಅವನ್ನು ಒಂದೊಂದಾಗಿ ತೋರಿಸುತ್ತಿದ್ದಂತೆ, ಸೆರಗಿನ ಹಾಗೆ ಒಂದು ಬಟ್ಟೆ ಮುಚ್ಚಿಕೊಂಡು, ಚಾಮಾದ ಸರದಿಯಲ್ಲೇ ಕೈಯಿಂದ ಕೈಗೆ ದಾಟಿಸಿದರು. ಒಬ್ಬೊಬ್ಬಳಿಗೆ ಒಂದೊಂದು ಪದ. ಗ್ಲೋರಿಯಾ ತನ್ನದನ್ನು ನೋಡಿ ಎಷ್ಟು ನಕ್ಕಳೆಂದರೆ ಅದು ತರಕಾರಿಯೇ ಇರಬೇಕೆಂದು ಎಲ್ಲರಿಗೂ ಅನುಮಾನ. ಆಮೇಲೆ ಪರ್ಸನ್ನೇ ಫೋನಿನಿಂದ ಅಳಿಸಿಬಿಟ್ಟರು. ನಾಣ್ಯ ಎಲ್ಲೂ ಹೋಗುವುದಿಲ್ಲ, ಹನ್ನೆರಡೂ ಪದ ಸರಿಯಾಗಿ ಒತ್ತಿದರೆ ಪರ್ಸು ಮರಳಿ ಬರುತ್ತದೆ. ಇನ್ನು ಹನ್ನೆರಡು ಬಾಯಿ ಸೇರದೆ ಅದು ತೆರೆಯದು. ಯಾರ ಗಂಡ ಕುಡಿದು ಬಂದು ಹೊಡೆದರೂ ತೆರೆಯದು.

ಪ್ರಶಾಂತ್ ಬಿಡದೆ ಮನೆಮನೆಗೆ ಹೋದ. ಸಿಲ್ವಿಯಾ ಹೊಲಿಗೆ ಮಿಷನ್ ತುಳಿಯುತ್ತ ಕಿಟಕಿಯಿಂದ ನೋಡುತ್ತಿದ್ದಳು. ಮುಂದಿನ ಕಂತಿನ ಆಸೆಗೆ ಯಾರಾದರೊಬ್ಬಳು ಬಾಯಿಬಿಟ್ಟರೆ? ಒಬ್ಬಳು ಬಿಟ್ಟರೆ ಇನ್ನೊಬ್ಬಳೂ ಬಿಡುತ್ತಾಳೆ. ಸಂಜೆ ಅವನು ಸೊಪ್ಪಿನ ಕಟ್ಟು ಹಿಡಿದುಕೊಂಡು ಬಾಗಿಲಿಗೆ ಬಂದ, ಮುಖ ಸಣ್ಣದಾಗಿತ್ತು.

“ಆ ಗ್ಲೋರಿಯಾ, ವ್ಯಾಪಾರ ಮಾಡಿದರೆ ನನ್ನ ಮಾತು ಹೇಳ್ತೀನಿ ಅಂದ್ರು ಆಂಟಿ. ಮೂರು ಕಟ್ಟು ತಗೊಂಡೆ. ದುಡ್ಡು ಎಣಿಸಿಕೊಂಡು ‘ಅಸಾಂಟೆ’ ಅಂದ್ರು. ಅದೇ ಅಂತೆ ಮಾತು.”

ಅಸಾಂಟೆ ಅಂದರೆ ಥ್ಯಾಂಕ್ಸು! ಸಿಲ್ವಿಯಾ ನಕ್ಕು ನಕ್ಕು ಮಿಷನ್ ಮೇಲೆ ತಲೆಯಿಟ್ಟಳು. ಪಾಪ, ಅವನಿಗೂ ನಗು ಬಂತು.

ನೈರೋಬಿಯ ಸಿರಿವಂತರ ಬಡಾವಣೆ ಕಿಲೆಲೆಶ್ವಾದಿಂದ ಮಗ ಫೋನು ಮಾಡಿದ. “ಮಮ್ಮಿ, ಜಸ್ಟ್ ಗಿವ್ ಇಟ್ ಬ್ಯಾಕ್. ವೈ ಫೈಟ್?”

“ನೀನು ಶವರಿನಲ್ಲಿ ಸ್ನಾನ ಮಾಡುವವ,” ಅಂದಳು ಅವಳು. “ನಿನಗೆ ಎಂತ ಗೊತ್ತು.”

ಗುರುವಾರವೇ ಹನ್ನೆರಡೂ ಜನ ಅವಳ ಮನೆಯಲ್ಲಿ ಸೇರಿದರು. ಬಟ್ಟೆಯಡಿಯಲ್ಲಿ ಫೋನು ಮತ್ತೆ ಸರದಿಯಂತೆ ಸುತ್ತಿತು. ಒಬ್ಬೊಬ್ಬಳೂ ತನ್ನ ಪದ ಒತ್ತಿದಳು. ಪರ್ಸು ತೆರೆಯಲಿಲ್ಲ. ಪರದೆಯ ಮೇಲೆ ಮೊದಲನೆಯ ಪದದ ಚೌಕ ಕೆಂಪಾಗಿತ್ತು.

ಮೊದಲನೆಯದು ಸಿಲ್ವಿಯಾಳದ್ದೇ. ಪದ ಮರೆತಿರಲಿಲ್ಲ, ಮಲಗುವಾಗ ಪ್ರಾರ್ಥನೆಯ ಜೊತೆ ಅದನ್ನೂ ಹೇಳಿಕೊಳ್ಳುತ್ತಿದ್ದಳು. ಆದರೆ ಅವಳು ಇಟ್ಟುಕೊಂಡದ್ದು ಸದ್ದನ್ನು, ಅಕ್ಷರವನ್ನಲ್ಲ. ಇನ್ನೊಂದು ಥರ ಒತ್ತಿದಳು. ಕೆಂಪು. ಮತ್ತೊಂದು ಥರ. ಕೆಂಪು. ಸ್ಪೆಲ್ಲಿಂಗ್ ಯಾರನ್ನಾದರೂ ಕೇಳೋಣವೆಂದರೆ ಪದವನ್ನು ಬಾಯಿಬಿಟ್ಟು ಹೇಳಬೇಕು. ಗೆಳತಿಯರ ನಡುವೆ ಕೂತಿದ್ದರೂ ಆ ಹೊತ್ತಿಗೆ ಅವಳು ಒಬ್ಬಳೇ.

“ಕಿವಿಯಲ್ಲಿ ಹೇಳು ಮಾಮಾ ಡೆಂಜಿಲ್, ನಾನು ಯಾರಿಗೂ ಹೇಳೋದಿಲ್ಲ,” ಅಂದಳು ಗ್ಲೋರಿಯಾ ಸ್ವಾಹಿಲಿಯಲ್ಲಿ.

“ನಾಳೆ ಪ್ರಶಾಂತನೂ ಹೀಗೇ ಹೇಳುತ್ತಾನೆ. ಸುಮ್ಮನೆ ಕೂತ್ಕೋ.”

ಸಿಲ್ವಿಯಾ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದು ಅಡುಗೆಮನೆಗೆ ಹೋದಳು. ಡಬ್ಬ ಸರಿಸುವ ಸದ್ದು, ಪೊಟ್ಟಣದ ಪರಪರ ಸದ್ದು. ಹೊರಗೆ ಹನ್ನೊಂದು ಜನ ಅಡುಗೆಮನೆಯ ಬಾಗಿಲನ್ನೇ ನೋಡುತ್ತ ಕೂತಿದ್ದರು. ಅವಳು ಒಂದು ಪೊಟ್ಟಣದ ಮೇಲೆ ಬೆರಳಿಟ್ಟು, ಅಲ್ಲಿ ಅಚ್ಚಾಗಿದ್ದ ಅಕ್ಷರಗಳನ್ನು ನೋಡಿ ನೋಡಿ ಒತ್ತಿದಳು. ಕೆಂಪು ಹೋಯಿತು. ಪರ್ಸು ತೆರೆಯಿತು.

“ಓಹೋ, ತಿನ್ನುವ ವಸ್ತು!” ಗ್ಲೋರಿಯಾ ಚಪ್ಪಾಳೆ ತಟ್ಟಿದಳು.

“ಬಾಯಿ ಮುಚ್ಚು, ನಿನ್ನದು ತರಕಾರಿ.”

ಯಾವ ಪೊಟ್ಟಣ ಅಂತ ಇಲ್ಲಿ ಬರೆಯುವ ಹಾಗಿಲ್ಲ. ಅಂದೇ ನಾಣ್ಯ ಮಾರಿ ಶಿಲ್ಲಿಂಗ್ ಮಾಡಿ ಟ್ಯಾಂಕಿನವನಿಗೆ ಕಳಿಸಿಬಿಟ್ಟರು.

ಶುಕ್ರವಾರ ಪ್ರಶಾಂತನ ಮೆಸೇಜು: ಆಂಟಿ, ಹನ್ನೆರಡೂ ಹೆಸರು ತೆಗೆದಿದ್ದಾರೆ, ಸಾರಿ.

ಸಿಲ್ವಿಯಾ ಉತ್ತರಕ್ಕೆ ಎರಡಕ್ಷರ ಒತ್ತಿದಳು: ಸವಾ. ಸ್ವಾಹಿಲಿಯಲ್ಲಿ ಅಂದರೆ, ಆಗಲಿ ಬಿಡು.

ಮರುವಾರ ಕರಿ ಟ್ಯಾಂಕು ಬಂದು ಕಾಂಪೌಂಡಿನಲ್ಲಿ ಕೂತಿತು. ನೀರು ಬಿಡುವ ದಿನ ನಲ್ಲಿ ಕೊರ್ ಕೊರ್ ಅಂದದ್ದೇ ಸಿಲ್ವಿಯಾ ಪೈಪು ಸಿಕ್ಕಿಸಿದಳು. ಕೈಗಾಡಿಯವನು ಗೇಟಿನಾಚೆಯಿಂದ ಇಣುಕಿ ನೋಡಿ ಹೋದ. ಟ್ಯಾಂಕು ತುಂಬಿದ ಮೇಲೆ ಅದರ ಕೆಳಗಿನ ನಲ್ಲಿಗೆ ಬಕೆಟ್ ಒಡ್ಡಿ, ತುಳುಕದ ಹಾಗೆ ಎತ್ತಿ ಒಳಗೆ ತಂದು, ನಿನ್ನೆಯ ಪಾತ್ರೆಗಳನ್ನು ಒಂದೊಂದಾಗಿ ತಿಕ್ಕತೊಡಗಿದಳು.